ಮಾರುವವರೇ ಕೊಟ್ಟ ಡೆಪಾಸಿಟ್

ಆ ಸೋಮವಾರ ನನಗೆ ಬೇಕಾಗಿದ್ದದ್ದು ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮಾತ್ರ. ಸಾಲದ ಅರ್ಜಿ ಹೋಗಿ ಹನ್ನೆರಡು ದಿನವಾಗಿತ್ತು. ಬ್ಯಾಂಕು ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿತ್ತು, ಮನೆಯ ಬೆಲೆ ಅಂದಾಜು ಮಾಡುವ ವ್ಯಾಲ್ಯುಯೇಶನ್ ಬಂದಿತ್ತು, ಕೊನೆಯ ಸುತ್ತಿಗೆ ಹೊಸ ಸ್ಟೇಟ್‌ಮೆಂಟ್ ಕಳಿಸಿ ಎಂದು ಬ್ಯಾಂಕಿನಲ್ಲಿ ಅರ್ಜಿ ಪರಿಶೀಲಿಸುವ ಅಸೆಸರ್ ಕೇಳಿದ್ದಳು. ಮನೆ ಕೊಳ್ಳಲಿದ್ದ ಗಂಡ ಹೆಂಡತಿ ಕಳಿಸಿದ್ದ ಪಿಡಿಎಫ್ ತೆರೆದು, ಮುಂದಕ್ಕೆ ಕಳಿಸುವ ಮುನ್ನ ಒಮ್ಮೆ ಕಣ್ಣಾಡಿಸಿದೆ. ಎರಡನೆಯ ಪುಟದಲ್ಲಿ ಹದಿನೆಂಟು ಸಾವಿರದ ಒಂದು ಡಾಲರ್ ಹೊರಗೆ ಹೋಗಿತ್ತು. ಅದೇ ಪುಟದ ಕೆಳಗೆ, ಎಂಟು ದಿನದ ನಂತರ, ಅರವತ್ತೊಂಬತ್ತು ಸಾವಿರದ ಒಂದು ಡಾಲರ್ ಒಳಗೆ ಬಂದಿತ್ತು.

ಬ್ಯಾಂಕಿನವರಿಗೆ ಆ ಒಂದು ಡಾಲರ್ ಏನೂ ಹೇಳುವುದಿಲ್ಲ. ನನಗೆ ಹೇಳುತ್ತದೆ. ನಮ್ಮ ಜನ ಬಾಡಿಗೆ ಕಟ್ಟುವಾಗ, ಸಾಲ ತೀರಿಸುವಾಗ ಒಂದು ಸೇರಿಸುವುದಿಲ್ಲ. ತಟ್ಟೆಯಲ್ಲಿಟ್ಟು ಕೊಡುವಾಗ ಸೇರಿಸುತ್ತಾರೆ. ಒಳಗೆ ಬಂದ ಮೊತ್ತದ ವಿಷಯ ಗೊತ್ತಿತ್ತು: ಗಂಡನ ಚಿಕ್ಕಪ್ಪನ ಮಗ ಕೊಟ್ಟ ಉಡುಗೊರೆ ಎಂದು ಗಿಫ್ಟ್ ಲೆಟರ್ ಇತ್ತು, ಅದರ ನಮೂನೆ ಕಳಿಸಿದವನೇ ನಾನು. ಆದರೆ ಮನೆ ಕೊಳ್ಳಲು ಹೊರಟವರು ತಮ್ಮ ಉಳಿತಾಯದ ಅರ್ಧದಷ್ಟನ್ನು ಯಾರಿಗೆ ತಟ್ಟೆಯಲ್ಲಿಟ್ಟು ಕೊಟ್ಟರು? ಹಣ ಪಡೆದವರ ಹೆಸರು ನೋಡಿ ಖರೀದಿ ಕಾಂಟ್ರಾಕ್ಟ್ ತೆಗೆದೆ. ಮಾರುವವರ ಹೆಸರೂ ಅದೇ ಆಗಿತ್ತು.

ನಾನು ಸಿಡ್ನಿಯ ಪ್ಯಾರಮಟ್ಟಾದಲ್ಲಿ ಮಾರ್ಟ್‌ಗೇಜ್ ಬ್ರೋಕರ್. ಮನೆ ಕೊಳ್ಳುವವರಿಗೂ ಬ್ಯಾಂಕಿಗೂ ನಡುವೆ ನಿಂತು ಸಾಲದ ಅರ್ಜಿ ಸಿದ್ಧಪಡಿಸುವುದು ನನ್ನ ಕೆಲಸ. ಇದನ್ನು ಬರೆಯುವಾಗ ಎದುರಿಗೆ ಫೈಲ್ ಇಟ್ಟುಕೊಂಡಿದ್ದೇನೆ. ಜನರ ನೆನಪನ್ನು ಪುರಾವೆ ಎಂದು ಒಪ್ಪಬಾರದೆಂದು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದುವಾಗಲೇ ಕಲಿತಿದ್ದೆ. ಆ ಜನರಲ್ಲಿ ನಾನೂ ಸೇರಿದ್ದೇನೆಂದು ಒಪ್ಪಲು ಈ ವಾರ ಬೇಕಾಯಿತು. ದಿನ, ಹೊತ್ತು, ಮೊತ್ತ ಎಲ್ಲ ಫೈಲಿನವು. ಯಾರು ಏನು ಅಂದರು ಎಂಬುದು ಮಾತ್ರ ನನ್ನ ತಲೆಯಿಂದ ಬಂದದ್ದು.

ಗಂಡ ನಾರ್ವೆಸ್ಟ್‌ನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್, ತುಮಕೂರಿನವನು. ಹೆಂಡತಿ ಧಾರವಾಡದವಳು, ಚೈಲ್ಡ್‌ಕೇರ್ ಸೆಂಟರಿನಲ್ಲಿ ಕೆಲಸ. ಪಿಆರ್, ಅಂದರೆ ಆಸ್ಟ್ರೇಲಿಯಾದಲ್ಲಿ ಕಾಯಂ ಇರುವ ಅನುಮತಿ, ಬಂದು ಒಂದು ವರ್ಷವಾಗಿತ್ತು. ಸಿಡ್ನಿಯಲ್ಲಿ ಮನೆ ಕೊಳ್ಳುವ ಲೆಕ್ಕವನ್ನು ನನ್ನ ಮುಂದೆಯೇ ಎರಡು ಸಲ ಹಾಕಿ ಕೈಬಿಟ್ಟು, ಆತ ಮೆಲ್ಬರ್ನ್ ಆಫೀಸಿಗೆ ವರ್ಗ ಮಾಡಿಸಿಕೊಂಡಿದ್ದ. ಪ್ಯಾರಮಟ್ಟಾದ ಬಾಡಿಗೆ ಮನೆಗೆ ನೋಟಿಸ್ ಕೊಟ್ಟಾಗಿತ್ತು. ಕೊಳ್ಳಲಿದ್ದ ಮನೆ ಅಲ್ಲಿನ ವಿಂಡಮ್ ವೇಲ್‌ನಲ್ಲಿ. ಮಾರುವವರು ಮೆಲ್ಬರ್ನಿನ ಒಬ್ಬ ನಿವೃತ್ತ ಡಾಕ್ಟರು, ನಮ್ಮವರೇ. ಹೊಸದಾಗಿ ಬಂದಿಳಿದವರನ್ನು ಏರ್‌ಪೋರ್ಟಿನಿಂದ ಕರೆತಂದು, ಮೊದಲ ವಾರಕ್ಕೆ ಅಕ್ಕಿ ಬೇಳೆ ತುಂಬಿಸಿ ಕೊಡುವವರು. ಕನ್ನಡದ ಕಾರ್ಯಕ್ರಮಗಳಿಗೆ ಸಿಡ್ನಿಗೂ ಬರುತ್ತಿದ್ದರು. ನನಗೂ ದಿನಕ್ಕೆ ಎರಡಾದರೂ ಶುಭೋದಯದ ಚಿತ್ರ ಕಳಿಸುತ್ತಿದ್ದರು.

ಹೆಂಡತಿಗೆ ಫೋನ್ ಮಾಡಿದೆ. ಸೆಂಟರಿನ ಮಕ್ಕಳು ಮಧ್ಯಾಹ್ನ ಮಲಗುವ ಹೊತ್ತಾದ್ದರಿಂದ ಎತ್ತಿದಳು. ಹದಿನೆಂಟು ಸಾವಿರದ ಬಗ್ಗೆ ಕೇಳಿದೆ.

"ಅದು ತಾಂಬೂಲಕ್ಕ ಕೊಟ್ಟಿದ್ದು ಸರ್."

ಅಕ್ಷಯ ತೃತೀಯದ ದಿನ ಇಬ್ಬರೂ ಮೆಲ್ಬರ್ನಿಗೆ ಹೋಗಿ ಡಾಕ್ಟರ ಮನೆಯಲ್ಲಿ ತಾಂಬೂಲ ಬದಲಾಯಿಸಿಕೊಂಡಿದ್ದರು. ಎಲೆ, ಅಡಿಕೆ, ತೆಂಗಿನಕಾಯಿ. ಅಷ್ಟು ನಗದು ಹೊತ್ತೊಯ್ಯುವುದು ಬೇಡವೆಂದು ಹಣವನ್ನು ಟ್ರಾನ್ಸ್‌ಫರ್ ಮಾಡಿ, ಆ ಸ್ಕ್ರೀನಿನ ಪ್ರಿಂಟ್ ತೆಗೆದು ತಟ್ಟೆಯಲ್ಲಿ ಕಾಯಿಯ ಕೆಳಗೆ ಇಟ್ಟಿದ್ದರು. ಮನೆ ಬೇರೆಯವರಿಗೆ ಹೋಗದ ಹಾಗೆ ಮುಂಗಡ. ಇದು ಕಾಂಟ್ರಾಕ್ಟಿನಲ್ಲಿ ಎಲ್ಲಿದೆ, ರಸೀದಿ ಇದೆಯೇ ಎಂದು ಕೇಳಿದೆ.

"ತಾಂಬೂಲ ತೊಗೊಂಡ ಮ್ಯಾಲೆ ರಸೀದಿ ಕೇಳಾಕ ಬರ್ತದೇನ್ರಿ ಸರ್?"

ಹಾಗಾದರೆ ಆ ಅರವತ್ತೊಂಬತ್ತು ಯಾರದ್ದು ಎಂದೆ. ಅದು ಡಾಕ್ಟರ ದುಡ್ಡೇ, ಅವರ ಅಳಿಯನ ಖಾತೆಯಿಂದ ಬಂದದ್ದು, ಚಿಕ್ಕಪ್ಪನ ಮಗ ಎಂದು ಬರೆದು ಸಹಿ ಮಾಡಿದವನೂ ಆ ಅಳಿಯನೇ ಎಂದು ನಿಧಾನವಾಗಿ ಹೇಳಿದಳು. ಮುಚ್ಚಿಟ್ಟ ಭಾವ ಅವಳ ದನಿಯಲ್ಲಿ ಇರಲಿಲ್ಲ. "ಗಿಫ್ಟ್ ಲೆಟರ್ ಇದ್ರ ಸಾಕು ಅಂತ ನೀವ ಹೇಳಿದ್ರಂತಲ್ಲ ಸರ್. ಡಾಕ್ಟರ್ ಅಂಕಲ್ ಹೇಳಿದ್ರು."

ನಾನು ಹಾಗೆ ಹೇಳಿಲ್ಲ ಎಂದೆ. ಫೋನ್ ಇಟ್ಟ ಮೇಲೆ, ಹೇಳಿಲ್ಲವೇ ಎಂದು ಕೇಳಿಕೊಂಡೆ.

ಇದರಲ್ಲಿ ಏನು ತಪ್ಪು ಎಂದು ಕೇಳುವವರಿಗಾಗಿ ಬರೆಯುತ್ತೇನೆ, ಏಕೆಂದರೆ ಕೇಳುವವರೇ ಹೆಚ್ಚು. ಕಾಂಟ್ರಾಕ್ಟಿನ ಬೆಲೆ ಆರು ಲಕ್ಷ ತೊಂಬತ್ತು ಸಾವಿರ. ಕೊಳ್ಳುವವರು ಹತ್ತರಲ್ಲಿ ಒಂದು ಭಾಗ ತಮ್ಮ ಕೈಯಿಂದ ಹಾಕಿದ್ದಾರೆಂದು ನಂಬಿ ಬ್ಯಾಂಕು ಉಳಿದ ಒಂಬತ್ತು ಭಾಗ ಕೊಡುತ್ತದೆ. ಆ ಒಂದು ಭಾಗವನ್ನು ಮಾರುವವರೇ ಕೊಟ್ಟರೆ ಅದು ಎಡಗೈಯಿಂದ ಬಲಗೈಗೆ ಹೋಗಿ ಮತ್ತೆ ಎಡಗೈಗೆ ಬಂದ ದುಡ್ಡು. ಮನೆಯ ನಿಜವಾದ ಬೆಲೆ ಆರು ಲಕ್ಷ ಇಪ್ಪತ್ತೊಂದು ಸಾವಿರ, ಸಾಲವೂ ಅಷ್ಟೇ. ಮಾರುವವರು ಏನಾದರೂ ಹಿಂದಕ್ಕೆ ಕೊಡುತ್ತಿದ್ದರೆ ಅರ್ಜಿಯಲ್ಲಿ ಹೇಳಬೇಕು. ಹೇಳಿದರೆ ಬ್ಯಾಂಕು ಅದನ್ನು ಬೆಲೆಯಿಂದ ಕಳೆದು, ನಿಮ್ಮ ಡೆಪಾಸಿಟ್ ಸೊನ್ನೆ ಎನ್ನುತ್ತದೆ, ಸಾಲ ಇಲ್ಲ ಎನ್ನುತ್ತದೆ. ಇದಕ್ಕೇ ಅಳಿಯನ ಖಾತೆ, ಇದಕ್ಕೇ ಇಲ್ಲದ ಚಿಕ್ಕಪ್ಪನ ಮಗ. ವ್ಯಾಲ್ಯುಯರ್ ಕಾರಿನಿಂದ ಇಳಿಯದೆ ಬೀದಿಯಿಂದಲೇ ಮನೆ ನೋಡಿ, ಕಾಂಟ್ರಾಕ್ಟಿನಲ್ಲಿದ್ದ ಅಂಕಿಯನ್ನೇ ವರದಿಯಲ್ಲಿ ಬರೆದು ಹೋಗಿದ್ದ.

ಆ ಮಧ್ಯಾಹ್ನ ಊಟ ಮಾಡಲಿಲ್ಲ. ನನ್ನ ಫೈಲ್ ನೋಟ್ಸ್, ಇ-ಮೇಲ್, ಕರೆಗಳ ಪಟ್ಟಿ ಎಲ್ಲ ತೆಗೆದು ಡಾಕ್ಟರ ಹೆಸರು ಹುಡುಕಿದೆ. ಏನೂ ಸಿಗಲಿಲ್ಲ. ನಡುವೆ ಫೋನ್ ಬದಲಾಯಿಸಿದ್ದೆ, ಹಳೆಯ ಮೆಸೇಜುಗಳು ಬಂದಿರಲಿಲ್ಲ. ಕಳೆದ ಕಾರ್ಯಕ್ರಮದಲ್ಲಿ ಅವರ ಪಕ್ಕದಲ್ಲಿ ಕೂತು ಬಿಸಿಬೇಳೆಬಾತ್ ತಿಂದದ್ದು ನೆನಪಿತ್ತು, ಮಾತು ನೆನಪಿರಲಿಲ್ಲ. ನದಿ ದಂಡೆಯವರೆಗೆ ನಡೆದು ಹೋಗಿ ಬಂದೆ, ಮತ್ತೆ ಹೋದೆ. ಇಂಥ ಪ್ರಶ್ನೆಗೆ ‘ಸಾಕು’ ಎಂದು ಯಾವ ಬ್ರೋಕರೂ ಹೇಳುವುದಿಲ್ಲ, ಆದ್ದರಿಂದ ನಾನೂ ಹೇಳಿರಲಾರೆ ಎಂದು ತೀರ್ಮಾನಿಸಿದೆ. ಈ ತರ್ಕವನ್ನು ಬೇರೆ ಯಾರಾದರೂ ನನ್ನ ಮುಂದಿಟ್ಟಿದ್ದರೆ ನಗುತ್ತಿದ್ದೆ.

ಸಂಜೆ ಆರಕ್ಕೆ ಇಬ್ಬರೂ ಆಫೀಸಿಗೆ ಬಂದರು. ಗೋಡೆಯ ಬಿಳಿ ಹಲಗೆಯ ಮೇಲೆ ಎರಡು ಲೆಕ್ಕ ಬರೆದೆ. ಎಡಗಡೆ ಅವರು ಸಹಿ ಮಾಡಿದ್ದು. ಬೆಲೆ ಏರಿಸಿದ್ದರಿಂದ ಮೊದಲ ಮನೆಯವರಿಗೆ ವಿಕ್ಟೋರಿಯಾದಲ್ಲಿ ಸಿಗುವ ಸ್ಟಾಂಪ್ ಡ್ಯೂಟಿಯ ರಿಯಾಯಿತಿ ಕರಗಿ, ಕಟ್ಟಬೇಕಾದ್ದು ಇಪ್ಪತ್ತು ಸಾವಿರ ದಾಟಿತ್ತು. ಮೇಲೆ, ಡೆಪಾಸಿಟ್ ಕಡಿಮೆಯಿದ್ದರೆ ಬ್ಯಾಂಕು ಕಟ್ಟಿಸುವ ಸಾಲದ ವಿಮೆ. ಮೇಲೆ ಆ ಹದಿನೆಂಟು ಸಾವಿರ. ಬಲಗಡೆ, ಆ ಬೀದಿಯಲ್ಲಿ ಅಂಥದೇ ಮನೆಗಳು ಮಾರಾಟವಾಗಿದ್ದ ಆರು ಲಕ್ಷ ಇಪ್ಪತ್ತು ಸಾವಿರಕ್ಕೆ ನೇರವಾಗಿ ಕೊಂಡಿದ್ದರೆ ಏನಾಗುತ್ತಿತ್ತು ಎಂದು ಬರೆದೆ. ಮೊದಲ ಮನೆಯವರಿಗೆ ಸರ್ಕಾರವೇ ಬ್ಯಾಂಕಿಗೆ ಜಾಮೀನು ನಿಲ್ಲುವ ಯೋಜನೆಯಲ್ಲಿ ನೂರಕ್ಕೆ ಐದು ಇದ್ದರೆ ಸಾಕು: ಮೂವತ್ತೊಂದು ಸಾವಿರ. ವಿಮೆ ಇಲ್ಲ. ಡ್ಯೂಟಿ ಎಡಗಡೆಯದರ ಕಾಲು ಭಾಗವೂ ಇಲ್ಲ. ಡಾಕ್ಟರ ಮನೆಗೆ ಹೋಗುವ ಮೊದಲು ಇವರ ಖಾತೆಯಲ್ಲಿ ನಲವತ್ತು ಸಾವಿರ ಇತ್ತು.

ಯಾರ ಸಹಾಯವೂ ಬೇಕಿರಲಿಲ್ಲ. ಈ ಲೆಕ್ಕವನ್ನು ತಿಂಗಳ ಹಿಂದೆಯೇ ಹಾಕಬೇಕಾಗಿದ್ದವನು ನಾನು. ಗಿಫ್ಟ್ ಬರುತ್ತಿದೆ ಎಂದಾಗ ಒಳ್ಳೆಯದಾಯಿತು ಎಂದುಕೊಂಡು ಮುಂದಿನ ಕಾಗದಕ್ಕೆ ಹೋಗಿದ್ದೆ.

ಹೆಂಡತಿ ಹಲಗೆಯನ್ನೇ ನೋಡುತ್ತಿದ್ದಳು. ಗಂಡ ನೋಡುತ್ತಿರಲಿಲ್ಲ.

"ಸರ್, ಒಂದು ಮಾತು. ನೀವು ಇವತ್ತು ಫೋನ್ ಮಾಡದೇ ಇದ್ದಿದ್ರೆ ಶುಕ್ರವಾರ ಅಪ್ರೂವ್ ಆಗ್ತಿತ್ತು, ಅಲ್ವಾ?"

"ಆಗ್ತಿತ್ತು."

"ಹಾಗಾದ್ರೆ ಫೋನ್ ಮಾಡಿಲ್ಲ ಅನ್ಕೊಳಿ."

ಆತ ತಮಾಷೆ ಮಾಡುತ್ತಿರಲಿಲ್ಲ. ಬಾಡಿಗೆ ಮನೆ ಬಿಡಬೇಕು, ಮುಂದಿನ ತಿಂಗಳು ಮೆಲ್ಬರ್ನಿನಲ್ಲಿ ಕೆಲಸಕ್ಕೆ ಹಾಜರಾಗಬೇಕು, ಮನೆಯ ಬೆಲೆ ಇವತ್ತಲ್ಲ ನಾಳೆ ಏರಿಯೇ ಏರುತ್ತದೆ, ಎಲ್ಲರೂ ಹೀಗೇ ಮಾಡುತ್ತಾರೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಸುಳ್ಳು ಪತ್ರವೆಂದು ಈಗ ಗೊತ್ತಿದ್ದೂ ಸುಮ್ಮನಿದ್ದರೆ ನಾವು ಮೂವರೂ ಬ್ಯಾಂಕಿಗೆ ಮೋಸ ಮಾಡಿದ ಹಾಗೆ, ಅರ್ಜಿಯ ಕೊನೆಯ ಪುಟದಲ್ಲಿ ನಿಮ್ಮಿಬ್ಬರ ಸಹಿ ಇದೆ, ಡಾಕ್ಟರದ್ದು ಎಲ್ಲೂ ಇಲ್ಲ ಎಂದೆ. ಆಗ ಹಲಗೆಯ ಕಡೆ ತಿರುಗಿದ.

ಅವರ ಮನೆ ಕಾಗದಪತ್ರ ನೋಡುತ್ತಿದ್ದ ಕನ್ವೇಯನ್ಸರ್ ಮೆಲ್ಬರ್ನಿನ ವೆರಿಬೀಯವಳು, ಪಂಜಾಬಿ. ಸ್ಪೀಕರಿನಲ್ಲಿ ಹಾಕಿ ಅವಳ ಜೊತೆ ಹಿಂದಿಯಲ್ಲಿ ಮಾತಾಡಿದೆವು. ಅರ್ಜಿ ಹಿಂದಕ್ಕೆ ತೆಗೆದುಕೊಳ್ಳೋಣವೆಂದು ನಾನು ಹೇಳಿದ್ದೇ ತಡ, ಹಾಗೆ ಮಾತ್ರ ಮಾಡಬೇಡಿ ಎಂದು ಗದರಿದಳು. ಕಾಂಟ್ರಾಕ್ಟಿನಲ್ಲಿ ಸಾಲದ ಷರತ್ತು ಇದೆ: ಶುಕ್ರವಾರದೊಳಗೆ ಸಾಲ ಸಿಗದಿದ್ದರೆ ಕೊಳ್ಳುವವರು ಬಿಟ್ಟು ಹೋಗಬಹುದು, ಡೆಪಾಸಿಟ್ ಅವರಿಗೇ ವಾಪಸ್ಸು. ಆದರೆ ಅವರು ಪ್ರಾಮಾಣಿಕವಾಗಿ ಪ್ರಯತ್ನಿಸಿರಬೇಕು. ತಾವಾಗಿಯೇ ಹಿಂದೆ ಸರಿದರೆ ಆ ರಕ್ಷಣೆ ಹೋಯಿತು. ಬ್ಯಾಂಕೇ ಇಲ್ಲ ಎನ್ನಬೇಕು, ಅದೂ ಬರವಣಿಗೆಯಲ್ಲಿ. ಜೊತೆಗೆ, ದುಡ್ಡು ಮಾರುವವರದ್ದು ಎಂಬುದಕ್ಕೆ ಮಾರುವವರ ಕಡೆಯದೇ ಒಂದು ಕಾಗದ ಬೇಕು. ಇಲ್ಲದಿದ್ದರೆ ಇವರು ತಪ್ಪಿಸಿಕೊಳ್ಳಲು ಕಥೆ ಕಟ್ಟಿದ್ದಾರೆಂದು ಅವರ ವಕೀಲ ಹೇಳುತ್ತಾನೆ.

ಇಷ್ಟು ದಿನ ‘ಹೌದು’ ಎನ್ನಿಸುವುದಕ್ಕೆ ಸಂಬಳ ತೆಗೆದುಕೊಂಡವನು ನಾನು. ನಾಲ್ಕು ದಿನದಲ್ಲಿ ಒಂದು ‘ಇಲ್ಲ’ ತರಬೇಕಾಗಿತ್ತು.

ಮಂಗಳವಾರ ಬೆಳಗಿನ ವಿಮಾನಕ್ಕೆ ಮೆಲ್ಬರ್ನಿಗೆ ಹೋದೆ. ಡಾಕ್ಟರಿಂದ ಎರಡು ಬೇಕಾಗಿತ್ತು: ದುಡ್ಡು ತಮ್ಮದೆಂದು ಎರಡು ಸಾಲು, ಮತ್ತು ಆ ಹದಿನೆಂಟು ಸಾವಿರ. ಮೊದಲು ಬಾಡಿಗೆ ಕಾರಿನಲ್ಲಿ ವಿಂಡಮ್ ವೇಲ್‌ಗೆ ಹೋಗಿ ಮನೆ ನೋಡಿದೆ. ಒಳ್ಳೆಯ ಮನೆಯೇ. ಇಟ್ಟಿಗೆಯ ಗೋಡೆ, ನಾಲ್ಕು ಕೋಣೆ, ಒಣಗಿದ ಹುಲ್ಲು. ಎದುರು ಮನೆಯ ಹೆಂಗಸನ್ನು ಮಾತಾಡಿಸಿದೆ. ಎಂಟು ತಿಂಗಳಿಂದ ಖಾಲಿ ಬಿದ್ದಿದೆ, ಬೋರ್ಡ್ ಹಾಕುತ್ತಾರೆ, ತೆಗೆಯುತ್ತಾರೆ ಎಂದಳು. ಅಲ್ಲಿಂದ ಊರಿನ ಪೂರ್ವಕ್ಕೆ, ದೊಡ್ಡ ಮರಗಳ ಹಳೆಯ ಸಬರ್ಬಿನಲ್ಲಿದ್ದ ಡಾಕ್ಟರ ಮನೆಗೆ ಒಂದೂಕಾಲು ಗಂಟೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋರಾಗಿ ಹೇಳಿಕೊಳ್ಳುತ್ತ ಹೋದೆ.

ಆಂಟಿ ಕಾಫಿ ಕೊಟ್ಟು, ಕೋಡುಬಳೆ ಇಟ್ಟು, ಅಲ್ಲೇ ಕೂತರು. ಡಾಕ್ಟರು ಸಮಾಧಾನವಾಗಿಯೇ ಕೇಳಿಸಿಕೊಂಡರು.

"ನೋಡಪ್ಪ, ಆ ಮಕ್ಕಳ ಹತ್ರ ಡೆಪಾಸಿಟ್ ಇರ್ಲಿಲ್ಲ. ನಾನು ಕೊಟ್ಟೆ. ಇದ್ರಲ್ಲಿ ಯಾರಿಗೆ ಏನು ನಷ್ಟ ಆಯ್ತು, ಹೇಳು."

"ಅವರ ಹದಿನೆಂಟು ಸಾವಿರ, ಅಂಕಲ್?"

"ಅದು ತಾಂಬೂಲದ್ದು. ಅದನ್ನ ಯಾರಾದ್ರೂ ವಾಪಸ್ ಕೇಳ್ತಾರಾ?"

"ಕಾಂಟ್ರಾಕ್ಟಲ್ಲಿ ಅದು ಎಲ್ಲೂ ಇಲ್ಲ."

"ಎಲ್ಲಾನೂ ಕಾಂಟ್ರಾಕ್ಟಲ್ಲಿ ಬರೆಯೋಕೆ ನಾವೇನು ಬಿಳಿಯರಾ?"

ನಲವತ್ತು ವರ್ಷ ಈ ದೇಶದಲ್ಲಿ ಪ್ರಾಕ್ಟೀಸ್ ಮಾಡಿದವರು. ಆ ಕಾಲವೆಲ್ಲ ಒಂದು ಇಂಜೆಕ್ಷನ್ನನ್ನೂ ಸಹಿ ಇಲ್ಲದೆ ಕೊಟ್ಟಿರಲಿಕ್ಕಿಲ್ಲ. ನನ್ನ ದನಿ ಏರಿತು. ನೀವು ಕಟ್ಟಿದ್ದು ಡೆಪಾಸಿಟ್ ಅಲ್ಲ, ಎಂಟು ತಿಂಗಳಿಂದ ಹೋಗದ ಮನೆಯನ್ನು ಎಪ್ಪತ್ತು ಸಾವಿರ ಹೆಚ್ಚು ಬರೆಸಿ ತಲೆಗೆ ಕಟ್ಟಿದಿರಿ, ಮೇಲೆ ಹದಿನೆಂಟು ಸಾವಿರ ಎತ್ತಿಕೊಂಡಿರಿ, ಅದಕ್ಕೆ ಸಹಾಯ ಎಂದು ಹೆಸರಿಟ್ಟಿರಿ ಎಂದೆ. ಹಿರಿಯರ ಎದುರು ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಹಾಗೆಂದು ನೆನಪು. ಕೊನೆಗೆ, ನನ್ನ ಹೆಸರನ್ನೇಕೆ ಎಳೆದಿರಿ, ನಾನು ಯಾವಾಗ ಸಾಕು ಅಂದೆ ಎಂದು ಕೇಳಿದೆ.

ಡಾಕ್ಟರು ಐಪ್ಯಾಡ್ ತೆಗೆದರು. ಬೆರಳಿನಿಂದ ಮೇಲಕ್ಕೆ ತಳ್ಳುತ್ತ, ಶುಭೋದಯದ ಹೂಗಳನ್ನೂ ಸೂರ್ಯೋದಯಗಳನ್ನೂ ದಾಟಿ ಒಂದು ಕಡೆ ನಿಲ್ಲಿಸಿ, ನನ್ನ ಕಡೆ ತಿರುಗಿಸಿದರು.

"ನೀನೇ ಓದು."

ಅವರ ಮೆಸೇಜ್ ಹೀಗಿತ್ತು: "ವಿಂಡಮ್ ವೇಲ್ ಮನೆ ತಗೊಳ್ಳೋ ಮಕ್ಕಳಿಗೆ ನಾನೇ ಡೆಪಾಸಿಟ್ ಗಿಫ್ಟ್ ಮಾಡ್ತಿದ್ದೀನಿ. ದುಡ್ಡು ಅಳಿಯನ ಕಡೆಯಿಂದ ಹಾಕ್ಸಿ ಅವನ ಲೆಟರ್ ಕೊಟ್ರೆ ಸಾಕಲ್ವಾ?" ತಿಂಗಳ ಹಿಂದಿನ ಒಂದು ಬುಧವಾರ, ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷ. ಅದರ ಕೆಳಗೆ ನನ್ನ ಹೆಸರು. ಒಂದು ಗಂಟೆ ಹದಿಮೂರು ನಿಮಿಷ. "ಸಾಕು ಸರ್." ಪಕ್ಕದಲ್ಲಿ ಕೈಮುಗಿದ ಚಿತ್ರ.

"ಇವರು ನಿಮ್ಮನ್ನ ಕೇಳದೆ ಏನೂ ಮಾಡ್ಲಿಲ್ಲ" ಎಂದರು ಆಂಟಿ. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅದೇ ಹೆಚ್ಚು ತಾಗಿತು.

ನಾನು ಅದನ್ನು ಮೂರು ಸಲ ಓದಿದೆ. ಬರೆದ ನೆನಪು ಈಗಲೂ ಇಲ್ಲ. ಓದದೆಯೇ ಉತ್ತರಿಸಿದ್ದೆನೋ, ಅರ್ಧ ಓದಿ ಉತ್ತರಿಸಿದ್ದೆನೋ, ಪೂರ್ತಿ ಓದಿ, ಇವರಿಂದ ಇನ್ನೂ ನಾಲ್ಕು ಗಿರಾಕಿಗಳು ಬರುತ್ತಾರೆ ಎಂದುಕೊಂಡು ಉತ್ತರಿಸಿದ್ದೆನೋ, ಹೇಳಲಾರೆ. ಮೂರನೆಯದು ಸುಳ್ಳೆಂದು ಸಾಧಿಸುವ ಯಾವ ದಾಖಲೆಯೂ ನನ್ನಲ್ಲಿಲ್ಲ. ಫೋನಿನಲ್ಲಿ ಆ ಬು‍ಧವಾರದ ಕ್ಯಾಲೆಂಡರ್ ತೆರೆದೆ. ಮೀಟಿಂಗ್ ಇತ್ತು, ಗಡಿಬಿಡಿಯಲ್ಲಿದ್ದೆ ಎಂದಾದರೂ ಹೇಳಬಹುದೆಂಬ ಆಸೆ. ಹನ್ನೆರಡರಿಂದ ಮೂರರವರೆಗೆ ಖಾಲಿ.

ಡಾಕ್ಟರು ಎರಡು ಸಾಲು ಬರೆದುಕೊಡಲು ಒಪ್ಪಲಿಲ್ಲ. ಹದಿನೆಂಟು ಸಾವಿರದ ಮಾತನ್ನು ಮನೆ ರಿಜಿಸ್ಟರ್ ಆದ ಮೇಲೆ ನೋಡೋಣ ಎಂದರು. ಎದ್ದು ಬಾಗಿಲವರೆಗೆ ಬಂದವನಿಗೆ ಹೊಳೆಯಿತು. ಅವರು ಕೊಡಲೊಪ್ಪದ ಕಾಗದ ಅವರ ಕೈಯಲ್ಲೇ ಇತ್ತು: ನಾನೇ ಡೆಪಾಸಿಟ್ ಗಿಫ್ಟ್ ಮಾಡ್ತಿದ್ದೀನಿ, ದುಡ್ಡು ಅಳಿಯನ ಕಡೆಯಿಂದ.

"ಅಂಕಲ್, ಆ ಮೆಸೇಜನ್ನ ನನಗೆ ಕಳಿಸಿ. ನನ್ನ ಹೊಸ ಫೋನಲ್ಲಿ ಇಲ್ಲ."

ಅವರು ನನ್ನ ಮುಖ ನೋಡಿದರು. ನನ್ನನ್ನು ಕಟ್ಟಿಹಾಕಲು ಅದಕ್ಕಿಂತ ಒಳ್ಳೆಯ ಹಗ್ಗವಿಲ್ಲವೆಂದು ಅವರಿಗೂ ಗೊತ್ತಿತ್ತು. "ಕಳಿಸ್ತೀನಿ. ದಿನಾ ನೋಡ್ಕೋ" ಎಂದು ಅಲ್ಲೇ ನಿಂತು ಅದರ ಸ್ಕ್ರೀನ್‌ಶಾಟ್ ಕಳಿಸಿದರು.

ಏರ್‌ಪೋರ್ಟಿನಲ್ಲಿ ಎರಡು ಗಂಟೆ ಇತ್ತು. ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ನಡೆದೆ. ಮೇಲಿನ ಸಾಲನ್ನು ಮಾತ್ರ ಕತ್ತರಿಸಿ ಕಳಿಸಿದರೆ? ಡಾಕ್ಟರ ಮೆಸೇಜ್ ಸಾಕು, ನನ್ನ ಉತ್ತರ ಬ್ಯಾಂಕಿಗೆ ಏಕೆ? ಫೋನಿನಲ್ಲಿ ಚಿತ್ರವನ್ನು ಹಾಗೆ ಕತ್ತರಿಸಿಯೂ ನೋಡಿದೆ. ನೋಡಲು ಸಹಜವಾಗಿಯೇ ಇತ್ತು. ಮಾರುವವರ ದುಡ್ಡನ್ನು ಚಿಕ್ಕಪ್ಪನ ಮಗನ ದುಡ್ಡು ಎಂದು ಬರೆದ ಆ ಪತ್ರವೂ ನೋಡಲು ಸಹಜವಾಗಿಯೇ ಇತ್ತು. ಕತ್ತರಿಸಿದ್ದನ್ನು ಅಳಿಸಿ, ಪೂರ್ತಿಯದನ್ನು ಆಫೀಸಿನ ಇ-ಮೇಲಿಗೆ ಕಳಿಸಿಕೊಂಡೆ. ವಿಮಾನ ಹತ್ತುವ ಮುನ್ನವೇ ಕಳಿಸಿದೆ, ಇಳಿಯುವಷ್ಟರಲ್ಲಿ ಬುದ್ಧಿ ಬದಲಾದೀತೆಂದು.

ಬುಧವಾರ ಬೆಳಿಗ್ಗೆ ಇಬ್ಬರಿಗೂ ಅದನ್ನು ತೋರಿಸಿದೆ. ನಾನು ಸೋಮವಾರ ಹೇಳಿದ್ದು ತಪ್ಪು, ಅಂಕಲ್ ಹೇಳಿದ್ದೇ ಸರಿ ಎಂದೆ. ಗಂಡ ಓದಿ, ಒಂದು ನಗೆ ನಕ್ಕ. ಅಷ್ಟು ಕೆಟ್ಟ ನಗೆಯನ್ನು ನಾನು ನೋಡಿರಲಿಲ್ಲ. "ನೀವು ನಿನ್ನೆ ಹೋಗಿ ಅವರ ಮೇಲೆ ಕೂಗಾಡಿದ್ರಂತೆ. ಅಂಕಲ್ ಫೋನ್ ಮಾಡಿದ್ರು." ಹೌದು ಎಂದೆ.

ಮುಂದಿನ ಹೆಜ್ಜೆ ಅವರದ್ದು. ಹಣ ಎಲ್ಲಿಂದ ಬಂತು, ಪತ್ರ ಹೇಗೆ ಬರೆದದ್ದು ಎಂದು ಇಬ್ಬರೂ ಪ್ರಮಾಣ ಮಾಡಿ ಸಹಿ ಹಾಕಬೇಕು. ಅದನ್ನೂ ಮೆಸೇಜಿನ ಚಿತ್ರವನ್ನೂ ಸೇರಿಸಿ, ಹಳೆಯ ಅರ್ಜಿಯನ್ನು ತಿದ್ದಿ ಕಳಿಸಬೇಕು. ಪ್ರಮಾಣಪತ್ರವನ್ನು ಹೆಂಡತಿ ಎರಡು ಸಲ ಓದಿದಳು. ಗಂಡ ಪೆನ್ನು ಮುಟ್ಟಲಿಲ್ಲ. ನಾಳೆ ಅಂಕಲ್ ಮುಖ ಹೇಗೆ ನೋಡುವುದು, ಮೆಲ್ಬರ್ನಿನಲ್ಲಿ ಇರುವವರೇ ನಾಲ್ಕು ಜನ ಗೊತ್ತಿರುವವರು, ನಾಲ್ವರೂ ಅವರ ಮನೆಯಲ್ಲಿ ಊಟ ಮಾಡುವವರು ಎಂದ.

"ಸಾಲ ಮೂವತ್ತು ವರ್ಷ ಕಟ್ಟೋರು ನಾವು" ಎಂದಳು ಹೆಂಡತಿ. "ಅವರ ಮುಖ ನೋಡೋದು ವರ್ಷಕ್ಕ ಎರಡ ಸಲ."

ಗ್ರಂಥಾಲಯದಲ್ಲಿ ಕೂರುವ ಜೆಪಿಯ ಮುಂದೆ, ಅಂದರೆ ಪ್ರಮಾಣಕ್ಕೆ ಸಾಕ್ಷಿ ಹಾಕುವ ಅಧಿಕಾರವಿರುವ ಹಿರಿಯರೊಬ್ಬರ ಮುಂದೆ, ಇಬ್ಬರೂ ಸಹಿ ಮಾಡಿದರು. ಮಧ್ಯಾಹ್ನ ಮೂರೂ ನಲವತ್ತಕ್ಕೆ ಎಲ್ಲ ಅಪ್‌ಲೋಡ್ ಆಯಿತು. ನಾಲ್ಕೂವರೆಗೆ ಅಸೆಸರ್ ಫೋನ್ ಮಾಡಿದಳು. ಇದನ್ನು ತಪ್ಪಾಗಿ ಕಳಿಸಿದಿರಾ, ಇದು ಒಳಗೆ ಹೋದರೆ ಅರ್ಜಿ ಬೀಳುತ್ತದೆ, ನಿಮ್ಮ ಮೇಲೂ ವರದಿ ಹೋಗುತ್ತದೆ ಎಂದು ಮೃದುವಾಗಿಯೇ ಎಚ್ಚರಿಸಿದಳು. ತಪ್ಪಾಗಿ ಕಳಿಸಿದ್ದು ಹಿಂದಿನದು ಎಂದೆ.

ಗುರುವಾರ ಏನೂ ಬರಲಿಲ್ಲ. ಫೈಲ್ ಬೇರೆ ವಿಭಾಗಕ್ಕೆ ಹೋಗಿದೆ, ಅವರು ವಿಚಾರಿಸಿ ಮುಂದಿನ ವಾರ ಹೇಳುತ್ತಾರೆ ಎಂದರು. ನನಗೆ ರೇಗಿತು. ಸುಳ್ಳು ಅರ್ಜಿಗೆ ಹನ್ನೆರಡು ದಿನದಲ್ಲಿ ಒಪ್ಪಿಗೆ ಕೊಟ್ಟವರು ನಿಜವಾದ ಅರ್ಜಿಯನ್ನು ಬೇಡ ಎನ್ನಲು ವಾರ ಕೇಳುತ್ತಿದ್ದರು. ಆ ದಿನ ಆರು ಕರೆ ಮಾಡಿದ್ದೇನೆ, ಪಟ್ಟಿಯಲ್ಲಿದೆ. ವಿಚಾರಣೆ ನನ್ನ ಬಗ್ಗೆ ಎಷ್ಟು ಬೇಕಾದರೂ ನಡೆಸಿ, ಸಾಲ ಮಾತ್ರ ಕೊಡುತ್ತೀರೋ ಇಲ್ಲವೋ ಈಗ ಹೇಳಿ, ಇಬ್ಬರ ಮನೆ ಅದರ ಮೇಲೆ ನಿಂತಿದೆ ಎಂದು ಪ್ರತಿ ಸಲವೂ ಮೊದಲಿನಿಂದ ಹೇಳಿದೆ. ಶುಕ್ರವಾರ ಹನ್ನೊಂದಕ್ಕೆ ಕನ್ವೇಯನ್ಸರ್ ಫೋನ್ ಮಾಡಿ ಪತ್ರ ಎಲ್ಲಿ ಎಂದಳು. ಎರಡಕ್ಕೆ ಮತ್ತೆ ಮಾಡಿದಳು. ಮೂರೂ ಐವತ್ತಕ್ಕೆ ಬಂತು. ಮಾರುವವರ ಕೊಡುಗೆಯನ್ನು ಕಳೆದ ಮೇಲೆ ಅರ್ಜಿದಾರರ ಡೆಪಾಸಿಟ್ ಇಲ್ಲವಾದ್ದರಿಂದ ಸಾಲ ನಿರಾಕರಿಸಲಾಗಿದೆ. ಅಷ್ಟು ಸ್ಪಷ್ಟವಾದ ಪತ್ರ ಆ ಬ್ಯಾಂಕಿನಿಂದ ನನಗೆ ಮೊದಲು ಬಂದಿರಲಿಲ್ಲ. ನಾಲ್ಕೂಕಾಲಿಗೆ ಕಾಂಟ್ರಾಕ್ಟ್ ಮುಗಿಸುವ ನೋಟಿಸ್ ಡಾಕ್ಟರ ವಕೀಲನಿಗೆ ಹೋಯಿತು.

ಡೆಪಾಸಿಟ್ ಮಾತ್ರ, ಮಾರಾಟ ಮುಗಿಯುವವರೆಗೆ ಹಣ ಕಾದಿಡುವ ಮನೆ ಏಜೆಂಟನ ಟ್ರಸ್ಟ್ ಖಾತೆಯಲ್ಲೇ ಕೂತಿತ್ತು. ಮಾರುವವರು ಒಪ್ಪಿ ಸಹಿ ಹಾಕದೆ ಬಿಡುವುದಿಲ್ಲವೆಂದ. ಡಾಕ್ಟರು ಮೂರು ವಾರ ಹಾಕಲಿಲ್ಲ. ಅಷ್ಟರಲ್ಲಿ ಗಂಡ ಮೆಲ್ಬರ್ನಿಗೆ ಹೋಗಿ ಯಾರದೋ ಮನೆಯ ಒಂದು ಕೋಣೆಯಲ್ಲಿದ್ದ, ಹೆಂಡತಿ ಪ್ಯಾರಮಟ್ಟಾದ ಮನೆಯನ್ನು ವಾರ ವಾರದ ಲೆಕ್ಕದಲ್ಲಿ ಇಟ್ಟುಕೊಂಡಿದ್ದಳು. ಹಳೆಯ ಕಾಂಟ್ರಾಕ್ಟ್ ಬಿಡಿಸದೆ ಮನೆಯನ್ನು ಮತ್ತೆ ಮಾರಾಟಕ್ಕೆ ಇಡುವಂತಿಲ್ಲವೆಂದು ಅವರ ವಕೀಲನೇ ಹೇಳಿದ ಮೇಲೆ ಡಾಕ್ಟರು ಸಹಿ ಹಾಕಿದರು. ಅರವತ್ತೊಂಬತ್ತು ಸಾವಿರ ಕೊಳ್ಳುವವರ ಖಾತೆಗೆ ಬಂತು. ಅಂದರೆ ಡಾಕ್ಟರ ದುಡ್ಡು ಇವರ ಬಳಿ, ಇವರ ದುಡ್ಡು ಡಾಕ್ಟರ ಬಳಿ.

ಗಂಡ ಪೂರ್ತಿ ವಾಪಸ್ ಕಳಿಸಿ, ನಮ್ಮದನ್ನು ಕೇಳೋಣ ಎಂದನಂತೆ. ಹೆಂಡತಿ ಕೇಳಲಿಲ್ಲ. ಬಂದದ್ದರಲ್ಲಿ ಕೊಟ್ಟದ್ದನ್ನು ಕಳೆದು ಐವತ್ತೊಂದು ಸಾವಿರವನ್ನು ಅಳಿಯನ ಖಾತೆಗೆ ಹಾಕಿ, ಲೆಕ್ಕವನ್ನು ಒಂದು ಸಾಲಿನಲ್ಲಿ ಬರೆದು ಡಾಕ್ಟರಿಗೆ ಕಳಿಸಿದಳು. ಡಾಕ್ಟರು ನನಗೆ ಫೋನ್ ಮಾಡಿದರು. ಮಕ್ಕಳ ಹಾಗೆ ನೋಡಿಕೊಂಡೆ, ತಾಂಬೂಲದ ದುಡ್ಡನ್ನು ಮುರಿದುಕೊಂಡಿದ್ದಾರೆ, ನೀನೇ ಹೇಳಿಕೊಟ್ಟೆ ಎಂದರು. ನಾನು ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು ಎಂದೆ. ಅಲ್ಲಿಂದ ಶುಭೋದಯ ಬಂದಿಲ್ಲ.

ನನ್ನ ಲೈಸೆನ್ಸ್ ಇರುವ ಸಂಸ್ಥೆಗೆ ವರದಿಯನ್ನು ಬ್ಯಾಂಕು ಕಳಿಸುವ ಮೊದಲೇ ನಾನು ಕಳಿಸಿದ್ದೆ. ಒಂದು ವರ್ಷದ ಎಲ್ಲ ಫೈಲ್ ತೆಗೆಸಿ ನೋಡಿದರು, ಇನ್ನೂ ನೋಡುತ್ತಿದ್ದಾರೆ. ವಿಚಾರಣೆಯವಳು ಆ ಮೆಸೇಜ್ ತೋರಿಸಿ, ಇದನ್ನು ಕಳಿಸಿದ ನೆನಪಿದೆಯೇ ಎಂದಳು. ಇಲ್ಲ ಎಂದೆ. ಹಾಗೆಂದು ಬರೆದುಕೊಳ್ಳುತ್ತೇನೆ, ನಿಮಗೆ ಅನುಕೂಲವಾಗಬಹುದು ಎಂದಳು. ಅದರ ಕೆಳಗೆ, ಕಳಿಸಿದ್ದು ನಾನೇ ಎಂದೂ ಬರೆದುಕೊಳ್ಳಿ ಎಂದೆ.

ಎರಡು ತಿಂಗಳಾದ ಮೇಲೆ ಹೆಂಡತಿ ಫೋನ್ ಮಾಡಿದಳು. ವಿಂಡಮ್ ವೇಲ್ ಮನೆ ಮತ್ತೆ ಮಾರಾಟಕ್ಕೆ ಬಂದಿದೆ, ಏಜೆಂಟ್ ಆರು ಲಕ್ಷ ಇಪ್ಪತ್ತು ಸಾವಿರ ಹೇಳುತ್ತಿದ್ದಾನೆ, ಡಾಕ್ಟರ ಜೊತೆ ಮಾತಿಲ್ಲ, ಎಲ್ಲ ಏಜೆಂಟನ ಮೂಲಕವೇ ಎಂದಳು. ಆ ಮನೆಯೇ ಬೇಕೇ ಎಂದು ಕೇಳಿದೆ. ಆ ಪ್ರಶ್ನೆ ನನ್ನ ಬಾಯಿಂದ ಬರಬಾರದಿತ್ತು, ಲೆಕ್ಕದಲ್ಲಿ ಅದಕ್ಕಿಂತ ಒಳ್ಳೆಯದು ಇರಲಿಲ್ಲ.

"ಮನಿ ಏನ್ ತಪ್ಪು ಮಾಡೇತ್ರಿ ಸರ್? ರೇಟ್ ಸರಿ ಐತಿ, ತೊಗೋತೀವಿ. ಆದ್ರ ಈ ಸಲ ಲೋನ್ ನಿಮ್ಮ ಕಡೆ ಮಾಡ್ಸಂಗಿಲ್ರಿ. ಬ್ಯಾರೆಯವರನ್ನ ನೋಡೇವಿ. ನಮ್ಮ ಫೈಲ್ ಅವರಿಗೆ ಕಳಿಸ್ರಿ."

ಸರಿ ಎಂದೆ. ಆಕೆ ಹೇಳಿದ್ದು ನ್ಯಾಯ ಎಂದು ಗೊತ್ತಿದ್ದೂ ಸಿಟ್ಟು ಬಂತು, ಸಂಜೆಯವರೆಗೂ ಇತ್ತು. ಫೈಲನ್ನು ಮಾತ್ರ ಆ ಗಂಟೆಯೊಳಗೆ ಕಳಿಸಿದೆ, ಒಂದು ಪುಟವನ್ನೂ ತೆಗೆಯದೆ.